ಆವರಣದೊಳಗಿನ ಕೋತಿಗಳ ಸಾಮಾಜಿಕ ವರ್ತನೆ: ನೋಡುವ, ಬರೆದಿಡುವ ಮತ್ತು ವಿಂಗಡಿಸುವ ಕ್ರಮ

ಕೊಡಗಿನಲ್ಲಿ ಕೋತಿಯನ್ನು ನೋಡದೆ ಬೆಳೆದವರಿಲ್ಲ. ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ತೋಟದ ಗಿಡಗಳ ಮೇಲೂ ಕಣದ ಅಂಚಿನಲ್ಲೂ, ವರ್ಷವಿಡೀ ತಲಕಾವೇರಿ, ರಾಜಾಸೀಟಿನಂಥ ಜಾಗಗಳಲ್ಲೂ ಅವು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಈ ಸಲುಗೆಯೇ ಅಧ್ಯಯನಕ್ಕೆ ಹೊರಟವರಿಗೆ ಮೊದಲ ತೊಡಕು. 'ದೊಡ್ಡ ಗಂಡಿಗೆ ಸಿಟ್ಟು ಬಂತು', 'ಆ ತಾಯಿಗೆ ಹೊಟ್ಟೆಕಿಚ್ಚು' ಎಂದು ತೋಟದ ರೈಟರ್ ಹೇಳಿದರೆ ನಾವು ತಲೆಯಾಡಿಸುತ್ತೇವೆ; ಆದರೆ ಕಣ್ಣಿಗೆ ನಿಜವಾಗಿ ಕಂಡದ್ದೇನು ಎಂದು ಕೇಳಿದರೆ ಬಾಯಿ ತೆರೆದು ದಿಟ್ಟಿಸಿದ್ದು, ಎರಡು ಹೆಜ್ಜೆ ಮುಂದೆ ಬಂದದ್ದು, ಇನ್ನೊಂದು ಕೋತಿ ಜಾಗ ಬಿಟ್ಟು ಎದ್ದದ್ದು, ಇಷ್ಟೇ. ಸಿಟ್ಟು ನಮ್ಮ ಊಹೆ. ಬಾಯಿ ತೆರೆದದ್ದು ಘಟನೆ. ಈ ಎರಡನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯುವ ಶಿಸ್ತು ಕೈಗೂಡದೆ ಇಡೀ ಕೆಲಸದಲ್ಲಿ ಯಾವ ಅಂಕಿಯನ್ನೂ ನಂಬುವಂತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಪ್ರತಿಯೊಂದು ಹಂತವೂ ಆ ಶಿಸ್ತನ್ನು ಕಾಪಾಡಿಕೊಳ್ಳುವ ಉಪಾಯವೇ ಆಗಿದೆ.

ಹೊರಡುವ ಮುನ್ನ

ನಮ್ಮ ಜಿಲ್ಲೆಯ ಅರಣ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಅನುಕೂಲವಾದ ಜಾಗವೆಂದರೆ 1892ರಲ್ಲಿ ಆರಂಭವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ. ಮಡಿಕೇರಿಯಿಂದ ಅದು ಸುಮಾರು 120 ಕಿ.ಮೀ. ದೂರದಲ್ಲಿದೆ; ಬ್ರಹ್ಮಗಿರಿ, ಮಾಕುಟ್ಟದ ಕಾಡುಗಳ ಎತ್ತರದ ಮರಗಳಲ್ಲಿ ಕಷ್ಟಪಟ್ಟು ಹುಡುಕಬೇಕಾದ ಸಿಂಗಳೀಕವನ್ನು ಅಲ್ಲಿ ಹತ್ತಿರದಿಂದ, ಗಂಟೆಗಟ್ಟಲೆ ನೋಡಬಹುದು. ಅಧ್ಯಯನಕ್ಕೆ ಮೃಗಾಲಯದ ಲಿಖಿತ ಅನುಮತಿ ಬೇಕು. ಅರ್ಜಿಯಲ್ಲಿ ಯಾವ ಪ್ರಶ್ನೆ, ಎಷ್ಟು ದಿನ, ಯಾವ ಹೊತ್ತು, ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಒಂದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೃಗಾಲಯದ ಪ್ರಾಣಿಗಳಿಗೆ ಆಹಾರ ಎಸೆಯುವುದು, ಕೆಣಕುವುದು, ಗದ್ದಲದಿಂದ ಕಾಡುವುದು ಅಪರಾಧ. ಸಂಶೋಧಕನಿಗೂ ಇದರಿಂದ ವಿನಾಯಿತಿ ಇಲ್ಲ. ನೆಗಡಿ, ಕೆಮ್ಮು ಇರುವ ದಿನ ಹೋಗಬೇಡಿ, ಏಕೆಂದರೆ ನಮ್ಮ ಉಸಿರಾಟದ ಸೋಂಕುಗಳು ಕೋತಿಗಳಿಗೆ ತಗಲುತ್ತವೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಮೃಗಾಲಯಕ್ಕೆ ಹೋಗುವ ಮೊದಲು ಎರಡು ವಾರ ಊರಿನಲ್ಲೇ ಅಭ್ಯಾಸ ಮಾಡಿ. ಮನೆಯ ಹತ್ತಿರದ ಯಾವುದಾದರೂ ಕೋತಿಗುಂಪನ್ನು ದೂರದಿಂದ, ಏನನ್ನೂ ತಿನ್ನಲು ಕೊಡದೆ, ದಿನಕ್ಕೆ ಅರ್ಧ ಗಂಟೆ ನೋಡಿ ಬರೆಯಿರಿ. ಮುಂಗಾರು ಕಳೆದ ಮೇಲೆ ಇದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಕೊಡಗಿನ ಜುಲೈ ಮಳೆಯಲ್ಲಿ ಕೋತಿಗಳು ಒತ್ತಾಗಿ ಕುಳಿತುಬಿಡುತ್ತವೆ, ಕಾಗದವೂ ಉಳಿಯುವುದಿಲ್ಲ. ಈ ಅಭ್ಯಾಸದ ಉದ್ದೇಶ ಮಾಹಿತಿ ಸಂಗ್ರಹವಲ್ಲ, ಕಣ್ಣನ್ನು ಪಳಗಿಸುವುದು.

ಪ್ರಶ್ನೆ ಕಿರಿದಾಗಿರಲಿ. 'ಸಿಂಗಳೀಕಗಳ ಸಾಮಾಜಿಕ ಜೀವನ' ಎಂಬುದು ಪ್ರಶ್ನೆಯಲ್ಲ. 'ಆಹಾರ ಹಂಚಿದ ನಂತರದ ಒಂದು ಗಂಟೆಯಲ್ಲಿ ಜಾಗ ಬಿಡಿಸುವ ಘಟನೆಗಳು ಉಳಿದ ಹೊತ್ತಿಗಿಂತ ಹೆಚ್ಚೇ?' ಎಂಬುದು ಪ್ರಶ್ನೆ, ಏಕೆಂದರೆ ಅದಕ್ಕೆ ಹೌದು ಅಥವಾ ಅಲ್ಲ ಎಂದು ಎಣಿಕೆಯಿಂದ ಉತ್ತರಿಸಲು ಬರುತ್ತದೆ.

ಒಂದೊಂದು ಪ್ರಾಣಿಯನ್ನೂ ಗುರುತಿಸುವುದು

ಯಾರು ಯಾರಿಗೆ ಏನು ಮಾಡಿದರು ಎಂಬುದೇ ಸಾಮಾಜಿಕ ವರ್ತನೆಯ ತಿರುಳಾದ್ದರಿಂದ, ಗುರುತು ಹಿಡಿಯಲಾಗದ ಕೋತಿಯ ಬಗ್ಗೆ ಬರೆದ ಸಾಲು ಅರ್ಧ ಸಾಲು. ಮೊದಲ ಎರಡು ಮೂರು ದಿನಗಳನ್ನು ಗುರುತಿಗಾಗಿಯೇ ಮೀಸಲಿಡಿ. ಕಿವಿಯ ಸೀಳು, ಬಾಲದ ಡೊಂಕು, ಬೆರಳಿನ ಊನ, ಮುಖದ ಕಲೆ, ಮೊಲೆತೊಟ್ಟಿನ ಉದ್ದ, ಸಿಂಗಳೀಕದಲ್ಲಾದರೆ ಮುಖದ ಸುತ್ತಲಿನ ಬೂದುಬಿಳುಪಿನ ಕೇಸರದ ಆಕಾರ ಮತ್ತು ಬಾಲದ ತುದಿಯ ಕುಚ್ಚು, ಇವೆಲ್ಲ ನೆರವಾಗುತ್ತವೆ. ಮರಿಗಳಿಗೆ ಕೇಸರ ಇರುವುದಿಲ್ಲ, ಆದ್ದರಿಂದ ಅವನ್ನು ತಾಯಿಯ ಜೊತೆ ಸೇರಿಸಿ ಕಲಿಯಬೇಕು. ಪ್ರತಿಯೊಂದಕ್ಕೂ ಒಂದು ಚಿತ್ರಪಟ ಮಾಡಿ, ಗ1, ಗ2, ಹೆ1, ಹೆ2, ಮ1 ಎಂಬಂಥ ಸಂಕೇತ ಕೊಡಿ. 'ರಾಜ', 'ರೌಡಿ', 'ಸಾಧು' ಎಂಬ ಹೆಸರುಗಳನ್ನು ದಯವಿಟ್ಟು ಇಡಬೇಡಿ. ಹೆಸರು ಇಟ್ಟ ಕೂಡಲೇ ಕಣ್ಣು ಆ ಹೆಸರಿಗೆ ತಕ್ಕದ್ದನ್ನೇ ಹೆಕ್ಕಿ ನೋಡತೊಡಗುತ್ತದೆ. ಪ್ರಾಣಿಪಾಲಕರಿಗೆ ಪ್ರತಿ ಕೋತಿಯೂ ಚಿರಪರಿಚಿತ. ಅವರನ್ನು ಅಣ್ಣ ಎಂದು ಮಾತನಾಡಿಸಿ, ಪಕ್ಕದಲ್ಲಿ ನಿಂತು ಕಲಿಯಿರಿ. ತಾಯಿ ಯಾರು, ಯಾವ ವರ್ಷದ ಹುಟ್ಟು, ಹೊರಗಿನಿಂದ ಬಂದದ್ದೇ ಎಂಬುದನ್ನು ಮೃಗಾಲಯದ ದಾಖಲೆಯಿಂದ ಬರೆದುಕೊಳ್ಳಿ. ಕಾಡಿನಲ್ಲಿ ವರ್ಷಗಟ್ಟಲೆ ಕಾದರೂ ಸಿಗದ ಈ ವಂಶಾವಳಿ ಆವರಣದ ಅಧ್ಯಯನಕ್ಕೆ ಸಿಗುವ ದೊಡ್ಡ ಅನುಕೂಲ.

ವರ್ತನೆಗಳ ಪಟ್ಟಿಯನ್ನು ಕಟ್ಟುವುದು

ಎಥೋಗ್ರಾಂ ಎಂದು ಕರೆಯುವ ಈ ಪಟ್ಟಿಯೇ ಇಡೀ ಕೆಲಸದ ಅಡಿಪಾಯ. ಇಲ್ಲಿ ಅವಸರ ಮಾಡಿದವರು ಕೊನೆಯಲ್ಲಿ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ. ಗುರುತು ಹಿಡಿದಾದ ಮೇಲಿನ ಮೂರು ನಾಲ್ಕು ದಿನ ಯಾವ ವಿಂಗಡಣೆಯೂ ಇಲ್ಲದೆ, ಕಂಡದ್ದನ್ನೆಲ್ಲ ಬಿಡಿ ವಾಕ್ಯಗಳಲ್ಲಿ ಬರೆಯಿರಿ. ಉದಾಹರಣೆಗೆ: '10.42 – ಗ2 ಬಾಯಿ ತೆರೆದು ಹೆ4ರ ಕಡೆ ನೆಟ್ಟ ನೋಟ; ಹೆ4 ಹಲ್ಲು ಕಿರಿದು ಎರಡು ಹೆಜ್ಜೆ ಹಿಂದೆ ಸರಿಯಿತು; ಗ2 ಆ ಕಟ್ಟೆಯ ಮೇಲೆ ಕುಳಿತಿತು.' ಈ ಸಾಲಿನಲ್ಲಿ ಒಂದೇ ಒಂದು ಭಾವನೆಯ ಪದವಿಲ್ಲ, ಆದರೂ ಯಾರು ಮೊದಲು, ಯಾರ ಕಡೆಗೆ, ಏನು ಫಲಿತಾಂಶ ಎಂಬುದೆಲ್ಲ ಇದೆ. ಹೀಗೆ ನೂರಾರು ಸಾಲುಗಳಾದ ಮೇಲೆ ಮತ್ತೆ ಮತ್ತೆ ಬರುವ ಚಲನೆಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದಕ್ಕೂ ಹೆಸರು ಮತ್ತು ವಿವರಣೆ ಕೊಡಿ.

ವಿವರಣೆ ಎಷ್ಟು ಬಿಗಿಯಾಗಿರಬೇಕು ಎಂದರೆ, ಆ ಕೋತಿಗಳನ್ನು ಎಂದೂ ನೋಡದವರು ಅದನ್ನು ಓದಿಕೊಂಡು ಬಂದು ನೀವು ಬರೆದಂತೆಯೇ ಬರೆಯುವಂತಿರಬೇಕು. ನಾವು ಆಡುಮಾತಿನಲ್ಲಿ 'ಹೇನು ನೋಡುವುದು' ಎನ್ನುವ ವರ್ತನೆಯನ್ನೇ ತೆಗೆದುಕೊಳ್ಳಿ. ಹೆಸರು ಹಾಗಿದ್ದರೂ ಕೋತಿಗಳು ಹೆಕ್ಕುವುದು ಹೇನನ್ನಷ್ಟೇ ಅಲ್ಲ, ಒಣಗಿದ ಚರ್ಮದ ಹೊಟ್ಟು ಮತ್ತು ಕೊಳೆಯನ್ನೂ ಹೆಕ್ಕುತ್ತವೆ. ಮಾತ್ರವಲ್ಲ, ಹೆಕ್ಕಿಸಿಕೊಳ್ಳುವ ಪ್ರಾಣಿಯ ಹೃದಯ ಬಡಿತ ಇಳಿಯುವುದನ್ನು, ಸಿಂಗಳೀಕವೂ ನಮ್ಮ ಊರಿನ ಕೋತಿಯೂ ಸೇರುವ ಮೆಕಾಕ್ ಕುಲದ ಕೋತಿಗಳಲ್ಲಿ ಅಳೆದು ಕಂಡುಕೊಳ್ಳಲಾಗಿದೆ. ಇದಕ್ಕೆ ನಾನು ಕೊಡುವ ವಿವರಣೆ ಹೀಗಿದೆ: 'ಒಂದು ಕೋತಿ ಇನ್ನೊಂದರ ರೋಮವನ್ನು ಕೈಯಿಂದ ಅಥವಾ ಬಾಯಿಯಿಂದ ಬಿಡಿಸಿ ನೋಡುವುದು ಅಥವಾ ಹೆಕ್ಕುವುದು, 10 ಸೆಕೆಂಡಿಗಿಂತ ಹೆಚ್ಚು ನಿಂತರೆ ಆ ಸರದಿ ಮುಗಿದಂತೆ, ಮತ್ತೆ ಶುರುವಾದರೆ ಅದು ಹೊಸ ಸರದಿ, ಹೆಕ್ಕಿದವರು ಮತ್ತು ಹೆಕ್ಕಿಸಿಕೊಂಡವರು ಪಾತ್ರ ಬದಲಿಸಿದರೂ ಹೊಸ ಸರದಿ.' ಹತ್ತು ಸೆಕೆಂಡು ಎಂಬುದು ಪ್ರಕೃತಿಯ ನಿಯಮವಲ್ಲ, ನಾವು ಹಾಕಿಕೊಂಡ ಗೆರೆ. ಆದರೆ ಗೆರೆ ಹಾಕದಿದ್ದರೆ ಒಬ್ಬರು ಮೂರು ಸರದಿ ಎಂದೂ ಇನ್ನೊಬ್ಬರು ಏಳು ಎಂದೂ ಬರೆಯುತ್ತಾರೆ. ಹಾಗೆಯೇ 'ಹತ್ತಿರ ಕುಳಿತಿರುವುದು' ಎಂದರೆ ಕೋತಿಯ ಒಂದು ತೋಳಿನಳತೆಯ ಒಳಗೆ ಎಂದು ಮೊದಲೇ ಬರೆದಿಡಬೇಕು.

ಹೆಕ್ಕುವುದು, ಒತ್ತಾಗಿ ಕೂರುವುದು, ಮರಿಗೆ ಮೊಲೆಯೂಡಿಸುವುದು ಹೊತ್ತು ಹಿಡಿಯುವ ವರ್ತನೆಗಳು. ಅವನ್ನು ಅವಧಿಯಿಂದ ಅಳೆಯಬೇಕು. ತುಟಿ ಪಟಪಟಿಸುವುದು, ಹೊಡೆಯುವುದು, ಕಚ್ಚುವುದು, ಬೆನ್ನೇರುವುದು ಕ್ಷಣದ ಘಟನೆಗಳು; ಅವನ್ನು ಎಣಿಸಬೇಕು. ಒಂದೇ ಕೋಷ್ಟಕದಲ್ಲಿ ಎರಡನ್ನೂ ಕೂಡಿಸಿ ಶೇಕಡಾವಾರು ತೆಗೆದ ಪ್ರಾಜೆಕ್ಟ್ ವರದಿಗಳನ್ನು ನಾನು ಬಹಳ ನೋಡಿದ್ದೇನೆ, ಅವುಗಳ ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

ಇನ್ನು ಅರ್ಥದ ಮಾತು. ಹಲ್ಲು ಕಿರಿಯುವುದನ್ನು ನೋಡಿ ಪ್ರವಾಸಿಗರು ಕೋತಿ ನಗುತ್ತಿದೆ ಎನ್ನುತ್ತಾರೆ. ಉತ್ತರ ಭಾರತದ ರೀಸಸ್ ಕೋತಿಯಲ್ಲಿ ಸದ್ದಿಲ್ಲದೆ ಹಲ್ಲು ಕಿರಿಯುವುದು ಕೆಳಗಿನ ಸ್ಥಾನದ ಪ್ರಾಣಿ ಮೇಲಿನದಕ್ಕೆ ತೋರುವ ಅಧೀನತೆಯ ಸಂಕೇತ, ಅದು ಬಹುತೇಕ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಆದರೆ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಟೊಂಕಿಯನ್ ಮೆಕಾಕ್‌ನಲ್ಲಿ ಅದೇ ಮುಖಭಾವ ಸ್ನೇಹದಿಂದ ಹತ್ತಿರ ಬರುವಾಗಲೂ ಕಾಣುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಅದನ್ನು 'ಹಲ್ಲು ಕಿರಿಯುವುದು' ಎಂದೇ ಬರೆಯಬೇಕು, 'ಹೆದರಿಕೆಯ ನಗು' ಎಂದಲ್ಲ. ಆಟ ಮತ್ತು ಜಗಳದಲ್ಲೂ ಇದೇ ಎಚ್ಚರ ಬೇಕು. ಎರಡರಲ್ಲೂ ಅಟ್ಟುವುದು, ಹಿಡಿಯುವುದು, ಕಚ್ಚುವುದು ಇದೆ. ಆದರೆ ಆಟದಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಕಚ್ಚು ಬಿಗಿಯಾಗುವುದಿಲ್ಲ, ಅಟ್ಟಿದವರೇ ಮರುಗಳಿಗೆ ಓಡುತ್ತಾರೆ, ಕೀರಲು ಕೂಗು ಇರುವುದಿಲ್ಲ. ನನ್ನ ಮೊದಲ ವರ್ಷದ ಪುಸ್ತಕದಲ್ಲಿ ಮರಿಗಳ ಗುದ್ದಾಟವನ್ನೆಲ್ಲ ಜಗಳದ ಅಂಕಣಕ್ಕೆ ಹಾಕಿದ್ದೆ. ಬಿಡಿ ವಾಕ್ಯಗಳು ಪಕ್ಕದಲ್ಲಿ ಉಳಿದಿದ್ದರಿಂದ ಮಾತ್ರ ಅದನ್ನು ಸರಿಪಡಿಸಲು ಸಾಧ್ಯವಾಯಿತು.

ಕಂಡದ್ದನ್ನು ಹಾಗೆಯೇ ಬರೆದಿಡುವುದರ ಬೆಲೆಗೆ ನಮ್ಮ ನಾಡಿನಲ್ಲೇ ಒಂದು ಸಾಕ್ಷಿ ಇದೆ. 1960ರ ದಶಕದ ಆರಂಭದಲ್ಲಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ ಜಪಾನಿನ ಯುಕಿಮಾರು ಸುಗಿಯಾಮ, ಗುಂಪನ್ನು ಹೊಸದಾಗಿ ವಶಪಡಿಸಿಕೊಂಡ ಗಂಡು ಅಲ್ಲಿದ್ದ ಎಳೆಮರಿಗಳನ್ನು ಕೊಲ್ಲುವುದನ್ನು ದಾಖಲಿಸಿದರು. ಅದರ ಕಾರಣದ ಬಗ್ಗೆ ಮುಂದೆ 1970ರ ದಶಕದಲ್ಲಿ ಮೌಂಟ್ ಅಬುವಿನ ಮುಸುವಗಳನ್ನು ನೋಡಿದ ಸಾರಾ ಹ್ರ್ಡಿ ಬೇರೊಂದು ವಿವರಣೆ ಮುಂದಿಟ್ಟರು, ಚರ್ಚೆ ದಶಕಗಳ ಕಾಲ ನಡೆಯಿತು. ವಿವರಣೆಗಳು ಬದಲಾದವು, ಧಾರವಾಡದ ದಾಖಲೆ ನಿಂತಿತು.

ಯಾವಾಗ, ಯಾರನ್ನು, ಎಷ್ಟು ಹೊತ್ತು

ಸುಮ್ಮನೆ ನಿಂತು ಕಣ್ಣಿಗೆ ಬಿದ್ದದ್ದನ್ನು ಬರೆದರೆ ಜಗಳವೇ ಪುಸ್ತಕ ತುಂಬುತ್ತದೆ, ಏಕೆಂದರೆ ಜಗಳಕ್ಕೆ ಸದ್ದಿದೆ. ಮೂಲೆಯಲ್ಲಿ ಅರ್ಧ ಗಂಟೆ ನಡೆದ ಹೆಕ್ಕುವಿಕೆಗೆ ಸದ್ದಿಲ್ಲ. ಈ ಓರೆಯನ್ನು ತಪ್ಪಿಸುವ ಮಾದರಿ ಆಯ್ಕೆಯ ವಿಧಾನಗಳನ್ನು, ಕೀನ್ಯಾದಲ್ಲಿ ಬಬೂನು ಎಂಬ ದೊಡ್ಡ ಕೋತಿಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರ ಒಂದು ಪ್ರಬಂಧದಲ್ಲಿ ಕ್ರಮಬದ್ಧವಾಗಿ ವಿಮರ್ಶಿಸಿದರು. ಇಂದಿಗೂ ಕೆಲಸ ನಡೆಯುವುದು ಆ ದಾರಿಯಲ್ಲೇ.

ಫೋಕಲ್ ವಿಧಾನದಲ್ಲಿ ಒಂದು ಕೋತಿಯನ್ನು ಆರಿಸಿ, 15 ನಿಮಿಷ ಅದರ ಮೇಲಿಂದ ಕಣ್ಣು ತೆಗೆಯದೆ, ಅದು ಮಾಡಿದ್ದು ಮತ್ತು ಅದಕ್ಕೆ ಇತರರು ಮಾಡಿದ್ದು ಎರಡನ್ನೂ ಬರೆಯುತ್ತೀರಿ. ಪಕ್ಕದಲ್ಲಿ ಎಷ್ಟೇ ದೊಡ್ಡ ಗಲಾಟೆಯಾದರೂ ಕಣ್ಣು ಅತ್ತ ಹೋಗಬಾರದು. ಯಾವ ಕೋತಿಯ ಸರದಿ ಎಂಬುದನ್ನು ಬೆಳಿಗ್ಗೆಯೇ ಚೀಟಿ ಎತ್ತಿ ನಿರ್ಧರಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತುಗಳು ಎಲ್ಲ ಕೋತಿಗಳಿಗೂ ಸಮನಾಗಿ ಬರುವಂತೆ ನೋಡಿಕೊಳ್ಳಿ. ಸ್ಕ್ಯಾನ್ ವಿಧಾನದಲ್ಲಿ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಆವರಣವನ್ನು ಎಡದಿಂದ ಬಲಕ್ಕೆ ನೋಡುತ್ತ, ಪ್ರತಿ ಕೋತಿಯೂ ಕಣ್ಣಿಗೆ ಬಿದ್ದ ಆ ಕ್ಷಣದಲ್ಲಿ ಏನು ಮಾಡುತ್ತಿತ್ತು, ತೋಳಿನಳತೆಯಲ್ಲಿ ಯಾರಿದ್ದರು ಎಂದು ಬರೆಯಬೇಕು. ಹೊತ್ತಿನ ಹಂಚಿಕೆಗೆ ಮತ್ತು ಯಾರು ಯಾರ ಪಕ್ಕ ಎಂಬ ಪ್ರಶ್ನೆಗೆ ಇದು ಸಾಕು. ಕ್ಷಣಿಕ ಘಟನೆಗಳು ಇದರಲ್ಲಿ ತಪ್ಪಿಹೋಗುತ್ತವೆ. ಎದ್ದು ಕಾಣುವ ಜಗಳಗಳಿಗೆ ಮಾತ್ರ, ಇಡೀ ಆವರಣ ಒಂದೇ ನೋಟಕ್ಕೆ ದಕ್ಕುವಂತಿದ್ದರೆ, ಅಷ್ಟನ್ನೂ ಎಣಿಸುವ ವಿಧಾನವನ್ನು ಜೊತೆಗೆ ಇಟ್ಟುಕೊಳ್ಳಬಹುದು. ಒಂದು ಅವಧಿಯಲ್ಲಿ ವರ್ತನೆ ನಡೆಯಿತೇ ಇಲ್ಲವೇ ಎಂದಷ್ಟೇ ಗುರುತು ಹಾಕುವ ಪದ್ಧತಿ ಸುಲಭವೆನಿಸಿದರೂ ಅದು ಎಣಿಕೆಯನ್ನೂ ಅವಧಿಯನ್ನೂ ಸರಿಯಾಗಿ ಕೊಡುವುದಿಲ್ಲ, ಅದನ್ನು ಬಿಟ್ಟುಬಿಡಿ.

ಮರೆಯಾದ ಹೊತ್ತನ್ನು ಬರೆಯಲು ಮರೆಯಬೇಡಿ. ಹೆ3ನ್ನು ಹದಿನೈದು ನಿಮಿಷದಂತೆ 12 ಸಲ, ಅಂದರೆ 3 ಗಂಟೆ ನೋಡಿದಿರಿ. ಅದರಲ್ಲಿ 30 ನಿಮಿಷ ಅದು ಒಳಗೂಡಿನಲ್ಲಿತ್ತು. 20 ಸಲ ಹೆಕ್ಕಿತು ಎನ್ನೋಣ. ಮೂರರಿಂದ ಭಾಗಿಸಿದರೆ ಗಂಟೆಗೆ 6.7, ನಿಜವಾಗಿ ಕಂಡ ಎರಡೂವರೆ ಗಂಟೆಯಿಂದ ಭಾಗಿಸಿದರೆ 8. ಎರಡನೆಯದೇ ಸರಿ. ನಾಚಿಕೆಯ ಪ್ರಾಣಿಗಳೇ ಹೆಚ್ಚು ಮರೆಯಾಗುವುದರಿಂದ ಈ ತಪ್ಪು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ತಗಲುವುದಿಲ್ಲ.

ಸಲಕರಣೆ ಹೆಚ್ಚೇನೂ ಬೇಡ: ಅಚ್ಚು ಹಾಕಿಸಿದ ಹಾಳೆಗಳು, ಪೆನ್ಸಿಲು, ಸೆಕೆಂಡು ತೋರಿಸುವ ಗಡಿಯಾರ, ಸಾಧಾರಣ ದುರ್ಬೀನು.

ಇಬ್ಬರ ಕಣ್ಣು ಒಂದೇ ಆಗಿದೆಯೇ ಎಂದು ಪರೀಕ್ಷಿಸುವುದು

ಇಬ್ಬರು ಒಂದೇ ಹೊತ್ತಿನಲ್ಲಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ, ಒಂದೇ ಪ್ರಾಣಿಯನ್ನು ಬರೆಯಿರಿ. ನೂರು ಸ್ಕ್ಯಾನ್‌ಗಳಲ್ಲಿ ಇಬ್ಬರೂ 'ಜೊತೆಯಲ್ಲಿ' ಎಂದದ್ದು 30, ಇಬ್ಬರೂ 'ಒಂಟಿ' ಎಂದದ್ದು 55, ಮೊದಲನೆಯವರು ಮಾತ್ರ 'ಜೊತೆಯಲ್ಲಿ' ಎಂದದ್ದು 10, ಎರಡನೆಯವರು ಮಾತ್ರ ಹಾಗೆಂದದ್ದು 5 ಎಂದುಕೊಳ್ಳಿ. ಒಪ್ಪಿಗೆ ಶೇ. 85, ಕೇಳಲು ಚೆನ್ನಾಗಿದೆ. ಆದರೆ ಕಣ್ಣು ಮುಚ್ಚಿ ಬರೆದರೂ ಸ್ವಲ್ಪ ಒಪ್ಪಿಗೆ ಬಂದೇ ಬರುತ್ತದೆ. ಮೊದಲನೆಯವರ 'ಜೊತೆಯಲ್ಲಿ' ಒಟ್ಟು 40, ಎರಡನೆಯವರದು 35. ಆಕಸ್ಮಿಕ ಒಪ್ಪಿಗೆ 0.40 × 0.35 ಕೂಡಿಸು 0.60 × 0.65, ಅಂದರೆ 0.53. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂತ್ರದಂತೆ 0.85ರಿಂದ 0.53 ಕಳೆದು, ಉಳಿದದ್ದನ್ನು 1ರಿಂದ 0.53 ಕಳೆದ ಸಂಖ್ಯೆಯಿಂದ ಭಾಗಿಸಿದರೆ ಬರುವುದು 0.68. ಶೇ. 85 ಎಂಬ ಹೆಮ್ಮೆ ಇಷ್ಟಕ್ಕೆ ಇಳಿಯುತ್ತದೆ. 0.8 ದಾಟುವವರೆಗೆ ಅಸಲು ದಾಖಲೆ ಶುರುಮಾಡದಿರುವುದು ನನ್ನ ನಿಯಮ. ಅಂಕಿ ಕಡಿಮೆ ಬಂದರೆ ಜೊತೆಗಾರರನ್ನು ದೂರಬೇಡಿ. ಹತ್ತರಲ್ಲಿ ಒಂಬತ್ತು ಸಲ ದೋಷ ವಿವರಣೆಯ ವಾಕ್ಯದಲ್ಲಿರುತ್ತದೆ.

ವಿಂಗಡಣೆ ಮತ್ತು ಸ್ಥಾನಮಾನ

ಇಲ್ಲಿಗೆ ಬಂದ ಮೇಲಷ್ಟೇ ಅರ್ಥದ ಅಂಕಣವನ್ನು ತೆರೆಯಬೇಕು. ಹೆಕ್ಕುವುದು, ಅಪ್ಪುವುದು, ಒತ್ತಾಗಿ ಕೂರುವುದು, ತುಟಿ ಪಟಪಟಿಸುತ್ತ ಹತ್ತಿರ ಬರುವುದು ಸ್ನೇಹದ ವರ್ಗಕ್ಕೆ. ಬಾಯಿ ತೆರೆದ ನೆಟ್ಟ ನೋಟ, ಎರಗುವುದು, ಅಟ್ಟುವುದು, ಹೊಡೆಯುವುದು, ಕಚ್ಚುವುದು ಆಕ್ರಮಣದ ವರ್ಗಕ್ಕೆ. ಹಿಂದೆ ಸರಿಯುವುದು, ಕುಗ್ಗುವುದು, ಜಾಗ ಬಿಟ್ಟೇಳುವುದು ಅಧೀನತೆಗೆ. ಆಟ, ಲೈಂಗಿಕ ವರ್ತನೆ, ಮರಿಯ ಆರೈಕೆ ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ. ಬೆನ್ನೇರುವುದನ್ನು ಕಣ್ಣು ಮುಚ್ಚಿ ಲೈಂಗಿಕ ವರ್ಗಕ್ಕೆ ಹಾಕಬೇಡಿ. ನಮ್ಮ ಊರುಗಳ ಟೋಪಿ ಕೋತಿಯಲ್ಲಿ ದೊಡ್ಡ ಗಂಡುಗಳು ಪರಸ್ಪರ ಅಪ್ಪಿಕೊಳ್ಳುತ್ತವೆ, ಹೆಕ್ಕುತ್ತವೆ, ಒಂದನ್ನೊಂದು ಏರಿ ವಂದನೆಯಂತೆ ಮುಗಿಸುತ್ತವೆ. ಅಂಥದ್ದಕ್ಕೆ ಸಂದರ್ಭ ನೋಡಿ 'ವಂದನೆ' ಎಂಬ ಪ್ರತ್ಯೇಕ ವರ್ಗ ಬೇಕಾಗುತ್ತದೆ.

ಸ್ಥಾನಮಾನವನ್ನು ಕಂಡುಹಿಡಿಯಲು ಎಲ್ಲ ಕೋತಿಗಳ ಸಂಕೇತಗಳನ್ನು ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಬರೆದ ಚೌಕ ಮಾಡಿ, ಯಾರ ಎದುರು ಯಾರು ಜಾಗ ಬಿಟ್ಟರು ಎಂಬುದನ್ನು ಮಾತ್ರ ತುಂಬಿ. ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೆಳಗಿನವರೂ ಕೆಲವೊಮ್ಮೆ ತಿರುಗಿ ಹೊಡೆಯುತ್ತಾರೆ. ಸುಮ್ಮನೆ ಎದ್ದು ಹೋಗುವುದು ಹೆಚ್ಚು ನಂಬಲರ್ಹ. ಮೇಲಿಂದ ಕೆಳಗಿನವರೆಗಿನ ಸ್ಥಾನಗಳ ಸರಣಿ ಏಣಿಯಂತೆ ಎಷ್ಟು ನೇರವಾಗಿದೆ ಎಂಬುದನ್ನು 0ಯಿಂದ 1ರವರೆಗೆ ಬರುವ ಲ್ಯಾಂಡೌ ಸೂಚ್ಯಂಕದಿಂದ ಅಳೆಯಬಹುದು. ಮೆಕಾಕ್ ಕೋತಿಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುವುದರಿಂದ ತಾಯಿಯ ಸ್ಥಾನ ಮಗಳಿಗೆ ಬರುವುದು ಸಾಮಾನ್ಯ; ಜಪಾನಿ ಮತ್ತು ರೀಸಸ್ ಕೋತಿಗಳಲ್ಲಿ ಕಿರಿಯ ಮಗಳು ಅಕ್ಕಂದಿರಿಗಿಂತ ಮೇಲೇರುವುದೂ ಉಂಟು. ಎಲ್ಲ ಜಾತಿಗಳೂ ಹೀಗೆ ಬಿಗಿಯಾಗಿಲ್ಲ ಎಂಬುದನ್ನು ಫ್ರಾನ್ಸಿನ ಸಂಶೋಧಕ ಬರ್ನಾರ್ ಥಿಯರಿ ತೋರಿಸಿ, ಮೆಕಾಕ್‌ಗಳನ್ನು ನಾಲ್ಕು ಹಂತಗಳಲ್ಲಿ ಇಟ್ಟರು. ರೀಸಸ್ ಅತಿ ಬಿಗಿಯಾದ ಮೊದಲ ಹಂತದಲ್ಲಿದ್ದರೆ, ಸಿಂಗಳೀಕ ಮತ್ತು ಟೋಪಿ ಕೋತಿ ಸಹನೆ ಹೆಚ್ಚಿರುವ ಮೂರನೆಯದರಲ್ಲಿವೆ. ಆದ್ದರಿಂದ ನಿಮ್ಮ ಚೌಕ ಸ್ಪಷ್ಟ ಏಣಿಯಾಗದಿದ್ದರೆ ಅದನ್ನು ಏಣಿಯಾಗಿಸಲು ಒದ್ದಾಡಬೇಡಿ.

ಜಗಳದ ನಂತರದ ಹತ್ತು ನಿಮಿಷವೂ ಅಧ್ಯಯನಕ್ಕೆ ಯೋಗ್ಯ. ಫ್ರಾನ್ಸ್ ಡಿ ವಾಲ್ ಮತ್ತು ಸಂಗಡಿಗರು ರೂಢಿಸಿದ ಕ್ರಮದಂತೆ, ಜಗಳ ಮುಗಿದ ಕೂಡಲೇ ಅದರಲ್ಲಿದ್ದ ಒಂದು ಪ್ರಾಣಿಯನ್ನು ಹತ್ತು ನಿಮಿಷ ಹಿಂಬಾಲಿಸಿ, ಮರುದಿನ ಅದೇ ಹೊತ್ತಿಗೆ ಜಗಳವಿಲ್ಲದಾಗ ಮತ್ತೆ ಹತ್ತು ನಿಮಿಷ ನೋಡಿ. ಎದುರಾಳಿಗಳಿಬ್ಬರ ಸ್ನೇಹದ ಸ್ಪರ್ಶ ಜಗಳದ ದಿನವೇ ಬೇಗ ಬಂದರೆ ಅದನ್ನು ರಾಜಿ ಎನ್ನಲು ಆಧಾರವಿದೆ.

ಆವರಣವನ್ನೂ ಬರೆಯುವುದು

1925ರಲ್ಲಿ ಲಂಡನ್ ಮೃಗಾಲಯ ಕೃತಕ ಬಂಡೆಯ ಬೆಟ್ಟವೊಂದನ್ನು ಕಟ್ಟಿ ಸುಮಾರು ನೂರು ಹಮಾದ್ರಿಯಾಸ್ ಬಬೂನುಗಳನ್ನು ಬಿಟ್ಟಿತು. ಬಹುತೇಕ ಎಲ್ಲವೂ ಗಂಡುಗಳು, ಪರಸ್ಪರ ಅಪರಿಚಿತ. ಹೆಣ್ಣುಗಳಿಗಾಗಿ ನಡೆದ ಕಾದಾಟದಲ್ಲಿ ಬಹಳಷ್ಟು ಸತ್ತವು. ಅದನ್ನು ನೋಡಿದ ಸಾಲಿ ಜುಕರ್‌ಮನ್, ವಾನರ ಸಮಾಜವನ್ನು ಕಟ್ಟಿಹಿಡಿದಿರುವುದು ಲೈಂಗಿಕ ಆಕರ್ಷಣೆಯೇ ಎಂಬ ತೀರ್ಮಾನಕ್ಕೆ ಬಂದರು. 1960ರ ದಶಕದಲ್ಲಿ ಹಾನ್ಸ್ ಕುಮ್ಮರ್ ಇಥಿಯೋಪಿಯಾದಲ್ಲಿ ಅದೇ ಜಾತಿಯನ್ನು ನೋಡಿದಾಗ, ಒಂದು ಗಂಡು ಇನ್ನೊಂದರ ಹೆಣ್ಣುಗಳ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ ಎಂಬುದು ಕಂಡುಬಂತು. ಲಂಡನ್ನಿನ ಕಾದಾಟ ಸುಳ್ಳಲ್ಲ. ಅದು ಬಬೂನಿನ ಸ್ವಭಾವಕ್ಕಿಂತ ಆ ಗುಂಪನ್ನು ಕೂಡಿಹಾಕಿದ ರೀತಿಯ ಫಲವಾಗಿತ್ತು.

ಹಾಗಾಗಿ ಪ್ರತಿ ಹಾಳೆಯ ತಲೆಯಲ್ಲಿ ಹವಾಮಾನ, ಆಹಾರ ಕೊಟ್ಟ ಹೊತ್ತು, ಗೂಡು ತೊಳೆದ ಹೊತ್ತು, ಎದುರಿಗಿದ್ದ ಜನರ ಅಂದಾಜು ಸಂಖ್ಯೆ, ಗುಂಪಿಗೆ ಸೇರಿದ ಅಥವಾ ತೆಗೆದ ಪ್ರಾಣಿ ಇವಿಷ್ಟನ್ನು ಬರೆಯಲೇಬೇಕು. ಮೈಸೂರು ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ಅನುಮತಿ ಪತ್ರದಲ್ಲೇ ಕೆಲವು ಮಂಗಳವಾರಗಳನ್ನು ಕೇಳಿಕೊಳ್ಳಿ. ಜನರಿಲ್ಲದ ಆ ದಿನವನ್ನು ಭಾನುವಾರದೊಂದಿಗೆ ಹೋಲಿಸಿದರೆ ಸಂದರ್ಶಕರ ಪರಿಣಾಮ ತಿಳಿಯಲು ಬೇರೆ ಪ್ರಯೋಗ ಬೇಕಿಲ್ಲ. ಒಂದೇ ಜಾಡಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರುವುದು, ತೂಗಾಡುವುದು, ತನ್ನ ರೋಮವನ್ನೇ ಕೀಳುವುದು, ತನ್ನನ್ನೇ ಕಚ್ಚಿಕೊಳ್ಳುವುದು ಕಂಡರೆ ಅವುಗಳಿಗೆ ಪ್ರತ್ಯೇಕ ವರ್ಗ ಕೊಡಿ. ಕಂಡ ದಿನವೇ ಪ್ರಾಣಿಪಾಲಕರಿಗೂ ವೈದ್ಯರಿಗೂ ತಿಳಿಸಿ, ವರದಿ ಮುಗಿಯುವವರೆಗೆ ಕಾಯಬೇಡಿ. ಆ ಪ್ರಾಣಿ ಹಿಂದೆ ಒಂಟಿಯಾಗಿ ಸರಪಳಿಯಲ್ಲಿ ಬೆಳೆದದ್ದೇ ಎಂಬುದನ್ನೂ ದಾಖಲೆಯಲ್ಲಿ ಹುಡುಕಿ. ಇಂದಿನ ಆವರಣ ಚೆನ್ನಾಗಿದ್ದರೂ ಹಳೆಯ ಅಭ್ಯಾಸ ಉಳಿದಿರಬಹುದು.

ಕೆಲಸ ಮುಗಿದ ಮೇಲೆ ಬಿಡಿ ವಾಕ್ಯಗಳ ಮೂಲ ಪುಸ್ತಕ, ವಿವರಣೆಗಳ ಪಟ್ಟಿ, ಗುರುತಿನ ಚಿತ್ರಪಟ ಮೂರನ್ನೂ ಒಟ್ಟಿಗೆ ಕಟ್ಟಿಟ್ಟು, ಒಂದು ಪ್ರತಿಯನ್ನು ಮೃಗಾಲಯಕ್ಕೂ, ಕನ್ನಡದಲ್ಲಿ ಬರೆದ ಎರಡು ಪುಟದ ಸಾರವನ್ನು ಆ ಆವರಣದ ಪ್ರಾಣಿಪಾಲಕರ ಕೈಗೂ ಕೊಟ್ಟು ಬನ್ನಿ. ಯಾವ ಎರಡು ಹೆಣ್ಣುಗಳನ್ನು ಒಂದೇ ಗೂಡಿನಲ್ಲಿ ಮಲಗಿಸಬಹುದು, ಆಹಾರವನ್ನು ಎಷ್ಟು ಕಡೆ ಹರಡಿ ಇಟ್ಟರೆ ಕೆಳಗಿನ ಸ್ಥಾನದವುಗಳಿಗೂ ಸಿಗುತ್ತದೆ ಎಂಬುದನ್ನು ಅವರು ನಿಮ್ಮ ಚೌಕವನ್ನು ಮುಂದಿಟ್ಟುಕೊಂಡು ನಿರ್ಧರಿಸಬಲ್ಲರು.